ಬಲಿತ ಬೆಂಡೆಕಾಯಿ ಎಷ್ಟು ಬೇಯಿಸಿದರೂ ನಾರು ನಾರಾಗೇ ಇರುವುದೇಕೆ?

ಕಾಯಿ ಬಲಿತಂತೆ ಅದರ ನಾರಿನ ಕೋಶಗಳ ಗೋಡೆಗೆ ಲಿಗ್ನಿನ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಮರಕ್ಕೆ ಗಟ್ಟಿತನ ಕೊಡುವುದೂ ಇದೇ. ಕುದಿಯುವ ನೀರಿಗೆ ಇದು ಕರಗುವುದಿಲ್ಲ.

ಗಿಡಕ್ಕೆ ಆಸರೆ ಕೊಡುವ ಅಂಗಾಂಶಗಳು ಮುಖ್ಯವಾಗಿ ಎರಡು. ಎಳೆಯ ಕಾಂಡ, ಎಲೆತೊಟ್ಟುಗಳಲ್ಲಿರುವುದು ಕೋಲೆಂಕೈಮ. ಇದರ ಕೋಶಗಳು ಜೀವಂತ; ಮೂಲೆಗಳಲ್ಲಿ ಸೆಲ್ಯುಲೋಸ್, ಪೆಕ್ಟಿನ್ ಎಂಬ ಗೋಡೆಯ ವಸ್ತುಗಳು ದಪ್ಪಗೆ ಕೂತಿರುತ್ತವೆ. ಹಾಗಾಗಿ ಅವು ಹಿಗ್ಗುತ್ತವೆ, ಬಾಗುತ್ತವೆ, ಗಿಡದ ಜೊತೆ ಬೆಳೆಯುತ್ತವೆ. ತುಳಸಿಯ ಎಳೆ ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ನಾಲ್ಕು ಏಣು ಸಿಗುತ್ತವೆ. ಕೋಲೆಂಕೈಮ ಒತ್ತಾಗಿರುವುದು ಅಲ್ಲೇ.

ಇನ್ನೊಂದು ಸ್ಕ್ಲೀರೆಂಕೈಮ. ಲಿಗ್ನಿನ್ ತುಂಬಿದ ಮೇಲೆ ಇದರ ಕೋಶಗಳು ಸಾಮಾನ್ಯವಾಗಿ ಸಾಯುತ್ತವೆ, ದಪ್ಪ ಗೋಡೆ ಮಾತ್ರ ಉಳಿಯುತ್ತದೆ. ಸತ್ತ ಕೋಶವೇ ಗಿಡವನ್ನು ಎತ್ತಿ ಹಿಡಿಯುವುದು ವಿಚಿತ್ರ, ಆದರೆ ನಿಜ. ಬಲಿತ ಬೆಂಡೆಯ ನಾರು, ತೆಂಗಿನ ನಾರು, ಚಿಪ್ಪು, ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಸಿಗುವ ಮರಳಿನಂಥ ಕಣ ಎಲ್ಲವೂ ಇದೇ.

ಬೇಯಿಸಿದಾಗ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗಿ ತರಕಾರಿ ಮೆತ್ತಗಾಗುತ್ತದೆ. ಬಲಿತ ಬೆಂಡೆಯಲ್ಲೂ ತಿರುಳು ಮೆತ್ತಗಾಗುತ್ತದೆ, ನಾರು ಹಾಗೇ ಉಳಿಯುತ್ತದೆ. ಕುಕ್ಕರಿನಲ್ಲಿ ಇನ್ನೆರಡು ಕೂಗು ಹೆಚ್ಚಿಗೆ ಕೂಗಿಸಿ ಪ್ರಯೋಜನವಿಲ್ಲ. ಎಳೆ ಕಾಯಿಯೂ ಬೇಯದಿದ್ದರೆ ಅದು ಬೇರೆ ಕಾರಣ: ಹುಣಸೆಹುಳಿ ಮೊದಲೇ ಬಿದ್ದರೆ ಪೆಕ್ಟಿನ್ ನಿಧಾನವಾಗಿ ಕರಗುತ್ತದೆ.

ಹೂ ಅರಳಿದ ಸುಮಾರು 4ರಿಂದ 6 ದಿನದೊಳಗೆ ಕೊಯ್ದರೆ ನಾರು ಇನ್ನೂ ಬಲಿತಿರುವುದಿಲ್ಲ. ಅಂಗಡಿಯಲ್ಲಾದರೆ ತುದಿ ಮುರಿಯಿರಿ: ಪಟ್ಟನೆ ಮುರಿದರೆ ಎಳೆಯದು, ಬಾಗಿ ಜೋತುಬಿದ್ದರೆ ಬಿಟ್ಟುಬಿಡಿ.