ಬೇಲೂರಿನ ಕಂಬಗಳನ್ನು ನಿಜಕ್ಕೂ ತಿರುಗಿಸಿ ಕಡೆದರೇ?

ಬೇಲೂರು ಚೆನ್ನಕೇಶವ ದೇವಾಲಯದ ದುಂಡು ಕಂಬಗಳನ್ನು ಯಂತ್ರದಲ್ಲಿ ತಿರುಗಿಸಿ ಕಡೆದರೆಂಬುದು ಗೈಡ್‌ಗಳ ಕಟ್ಟುಕಥೆಯೇ ಎಂದು ಕೇಳಿದ್ದೀರಿ. ಕಟ್ಟುಕಥೆಯಲ್ಲ. ಬುಗುರಿಯಂತೆ ನುಣುಪಾಗಿ ಏರಿಳಿಯುವ ಆ ಏಣುಗಳನ್ನು, ತಟ್ಟೆಯಂತೆ ಚಾಚಿದ ತೆಳು ಅಂಚುಗಳನ್ನು ಒಮ್ಮೆ ಗಮನಿಸಿ. ಸುತ್ತಲೂ ಒಂದೇ ಅಳತೆ. ಕಂಬದ ಬುಡ ಮಾತ್ರ ಚೌಕವಾಗಿಯೇ ಉಳಿದಿರುತ್ತದೆ.

ಇದು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಹಂಪಿಯ ಗ್ರಾನೈಟ್ ಇಂಥ ಲಾಲಿತ್ಯಕ್ಕೆ ಸುಲಭವಾಗಿ ಒಗ್ಗುವುದಿಲ್ಲ.

ಆದರೆ ಎಲ್ಲ ಕಂಬಗಳೂ ಹೀಗಲ್ಲ. ಅಲ್ಲಿನ ಪ್ರಸಿದ್ಧ ನರಸಿಂಹ ಕಂಬದ ಮೈತುಂಬ ಪುಟ್ಟ ಶಿಲ್ಪಗಳಿವೆ. ಅದು ಉಳಿ ಹಿಡಿದ ಕೈಯ ಕೆಲಸ. ಆ ಕಂಬ ಹಿಂದೆ ನಿಂತಲ್ಲೇ ತಿರುಗುತ್ತಿತ್ತು ಎಂಬ ಮಾತು ಬೇರೆಯೇ. ಎರಡನ್ನೂ ಬೆರೆಸುವುದರಿಂದಲೇ ಈ ಗೊಂದಲ.

ಇನ್ನೊಂದು ಮಾತು: ಕಂಬ ತಿರುಗಿಸಿ ಕಡೆಯುವ ಈ ಕಲೆಯ ಪೂರ್ತಿ ಶ್ರೇಯಸ್ಸನ್ನು ಬೇಲೂರು ಕಟ್ಟಿಸಿದ ಹೊಯ್ಸಳರಿಗೇ ಕೊಡಬೇಡಿ. ಬೇಲೂರಿನಲ್ಲಿ ದೇವರ ಪ್ರತಿಷ್ಠಾಪನೆ ಆದದ್ದು 1117ರಲ್ಲಿ. ಇಟಗಿಯ ಮಹಾದೇವ ದೇವಾಲಯ 1112ರದ್ದು. ಕಲ್ಯಾಣ ಚಾಲುಕ್ಯರ ಆ ಕಂಬಗಳನ್ನೂ ಲಕ್ಕುಂಡಿಯವನ್ನೂ ನೋಡಿ. ನನ್ನ ಮಟ್ಟಿಗೆ, ಹೊಳಪಿನಲ್ಲಿ ಬೇಲೂರು ಮುಂದು, ಅಳತೆಯ ಹದದಲ್ಲಿ ಇಟಗಿ.