ಸಂಸ್ಕೃತಿ ಬೇರೆ ಅನ್ನೋದು ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡೋಕೆ ನೆಪ ಆಗುತ್ತಾ?

ಆಗಲ್ಲ. 2016ರ ಜನವರಿ, ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಅಲ್ಲಿನ ಟಿ20 ಲೀಗ್ ಬಿಗ್ ಬ್ಯಾಷ್‌ನ ಪಂದ್ಯ. ಔಟಾಗಿ ಬಂದ ಕ್ರಿಸ್ ಗೇಲ್ (ಹೌದು, ಆಗ ನಮ್ಮ ಆರ್‌ಸಿಬಿಯಲ್ಲಿದ್ದ ಜಮೈಕಾದ ಗೇಲೇ) ಹತ್ತಿರ ಟಿವಿ ವರದಿಗಾರ್ತಿ ಮೆಲ್ ಮೆಕ್‌ಲಾಫ್ಲಿನ್ ಆಟದ ಬಗ್ಗೆ ಕೇಳಿದರು. ಇವರು ಆಕೆಯ ಕಣ್ಣು ಹೊಗಳಿ, ಆಮೇಲೆ ಡ್ರಿಂಕ್ಸ್‌ಗೆ ಹೋಗೋಣ ಅಂತ ಕರೆದು, ‘ನಾಚ್ಕೋಬೇಡ ಬೇಬಿ’ ಅಂದರು. ನೇರ ಪ್ರಸಾರದಲ್ಲಿ! ಅವರ ತಂಡವೇ ಅವರಿಗೆ 10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗೇಲ್ ಪ್ರಕಾರ ಅದು ಬರೀ ತಮಾಷೆ.

‘ಕೆರಿಬಿಯನ್ನರ ರೀತಿನೇ ಹಾಗೆ’ ಅನ್ನೋರಿಗೆ ನನ್ನದೊಂದೇ ಪ್ರಶ್ನೆ: ಮೈಕ್ ಹಿಡಿದೋರು ಗಂಡಸಾಗಿದ್ದರೆ ಆ ‘ರೀತಿ’ ಎಲ್ಲಿ ಹೋಗ್ತಿತ್ತು? ಅಲ್ಲದೆ, ಜಮೈಕಾದ ಹೆಂಗಸರಿಗೂ ಆ ಸಂಸ್ಕೃತಿಯಲ್ಲಿ ಪಾಲಿದೆಯಲ್ಲ.

ನಮ್ಮ ಆಟಗಾರ್ತಿಯರನ್ನೂ ಹಗುರವಾಗಿ ನೋಡೋದು ತಪ್ಪಿಲ್ಲ. 2017ರ ಮಹಿಳಾ ವಿಶ್ವಕಪ್‌ಗೆ ಮುಂಚೆ ನೆಚ್ಚಿನ ಪುರುಷ ಕ್ರಿಕೆಟಿಗ ಯಾರು ಅಂತ ಕೇಳಿದ ಪತ್ರಕರ್ತರಿಗೆ, ಗಂಡಸರನ್ನೂ ಹೀಗೇ ಕೇಳ್ತೀರಾ ಅಂತ ಆಗಿನ ಭಾರತ ತಂಡದ ನಾಯಕಿ ಮಿಥಾಲಿ ರಾಜ್ ತಿರುಗಿ ಕೇಳಿದ್ದರು.