ಎಥನಾಲ್ ನೀತಿ ಪರಿಸರಕ್ಕೆ ಹಿತವೇ? ಮಂಡ್ಯದ ಕಬ್ಬಿನ ಗದ್ದೆಯಿಂದ ಒಂದು ಉತ್ತರ

ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಕೇಂದ್ರ ಸರ್ಕಾರದ ನೀತಿ ನಿಜಕ್ಕೂ ಸುಸ್ಥಿರ ಅಭಿವೃದ್ಧಿಗೆ ನೆರವಾಗುತ್ತದೆಯೇ ಎಂದು ಕೇಳಿದ್ದೀರಿ. ಇಂಧನದ ಮಟ್ಟಿಗೆ ಹೌದು, ನೀರಿನ ಮಟ್ಟಿಗೆ ಇನ್ನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಶೇ 20ರಷ್ಟು ಮಿಶ್ರಣಕ್ಕೆ 2030ರ ಗಡುವು ಇಟ್ಟಿತ್ತು. 2022ರ ತಿದ್ದುಪಡಿಯು ಆ ಗಡುವನ್ನು 2025-26ಕ್ಕೇ ನಿಗದಿಪಡಿಸಿತು. ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿಯಷ್ಟೇ ಅಲ್ಲದೆ ಕಬ್ಬಿನ ಹಾಲು ಮತ್ತು ಹಾಳಾದ ಧಾನ್ಯದಿಂದಲೂ ಎಥನಾಲ್ ತಯಾರಿಸಲು ಅವಕಾಶ ದೊರೆತದ್ದರಿಂದ ತೈಲದ ಆಮದು ತಗ್ಗುತ್ತದೆ, ಕಬ್ಬಿಗೂ ಇನ್ನೊಂದು ಮಾರುಕಟ್ಟೆ ಸಿಗುತ್ತದೆ.

ಆದರೆ ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆ. 2023ರಲ್ಲಿ ಮಳೆ ಕೈಕೊಟ್ಟು, ಮಂಡ್ಯದ ಗದ್ದೆಗಳಿಗೆ ನೀರುಣಿಸುವ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಲಿಲ್ಲ. ಅದೇ ಡಿಸೆಂಬರ್‌ನಲ್ಲಿ, ಸಕ್ಕರೆ ಉತ್ಪಾದನೆ ಕುಸಿಯುವ ಆತಂಕದಿಂದ, ಕಬ್ಬಿನ ಹಾಲನ್ನು ಎಥನಾಲ್‌ಗೆ ಬಳಸುವುದಕ್ಕೆ ಕೇಂದ್ರವೇ ಕಡಿವಾಣ ಹಾಕಬೇಕಾಯಿತು.

ಎಥನಾಲ್ ನೀತಿಗೆ ಜೋಡಿಯಾಗಿ ನಿಲ್ಲಬೇಕಾದದ್ದು ಹನಿ ನೀರಾವರಿಗೆ ಸಹಾಯಧನ ನೀಡುವ ಕೇಂದ್ರದ ಯೋಜನೆ. ಅದರ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ವೆಚ್ಚದ ಶೇ 55, ಉಳಿದವರಿಗೆ ಶೇ 45ರಷ್ಟು ನೆರವಿದೆ. ಆದರೂ ಆ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇದಕ್ಕೊಂದು ತೊಡಕಿದೆ, ಇದನ್ನು ಯಾರೂ ಹಗುರವಾಗಿ ಕಾಣಬಾರದು: ನಾಲೆಗೆ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ; ಹನಿ ಕೊಳವೆಗೆ ಬೇಕಾದದ್ದು ದಿನವೂ ಸ್ವಲ್ಪ ಸ್ವಲ್ಪ ನೀರು. ನಾಲೆಯ ಕೆಂಪು ಕೆಸರುನೀರನ್ನು ಸೋಸದೆ ಹಾಯಿಸಿದರೆ ಕೊಳವೆಯ ಸಣ್ಣ ರಂಧ್ರಗಳು ಬೇಗನೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ಕೊಳವೆಯ ಜೊತೆಗೆ ತೂಬಿನ ಬಳಿ ನೀರು ಹಿಡಿದಿಡುವ ಹೊಂಡಕ್ಕೂ ಶೋಧಕಕ್ಕೂ ನೆರವು ಸಿಕ್ಕಾಗ ಮಾತ್ರ ಆ ಹಣ ನೀರನ್ನು ಉಳಿಸುತ್ತದೆ.